ಯು ಮೇಲೆ ಟೋಪಿ ಯಾಕೆ? ಫ್ರೆಂಚಿನ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಬಾಯಿಪಾಠ ಮಾಡಬೇಕಾ?

ಪ್ರಶ್ನೆ: ಎರಡು ವರ್ಷದಿಂದ ಫ್ರೆಂಚ್ ಕಲಿಯುತ್ತಿದ್ದೇನೆ, ಬಿ1 (ಮಧ್ಯಮ ಹಂತ) ಮುಗಿದಿದೆ. ಈಗ ಹಳೆಯ ಕಾದಂಬರಿ ಓದಲು ಕೂತರೆ ಪುಟಪುಟಕ್ಕೂ ಎಫ್-ಯು-ಟಿ, ಇ-ಯು-ಟಿ ಅನ್ನೋ ಪದಗಳು ಯು ಮೇಲೆ ಟೋಪಿ (^ ಗುರುತು) ಹಾಕಿಕೊಂಡು ಎದುರಾಗುತ್ತವೆ. ವ್ಯಾಕರಣ ಪುಸ್ತಕ ತೆಗೆದರೆ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಅಂತಿದೆ, ಅಂದರೆ ಆಸೆ, ಅನುಮಾನ ಹೇಳುವಾಗ ಬರುವ 'ಬರಲಿ' ಥರದ ರೂಪದ ಭೂತಕಾಲ. ಇದನ್ನು ಕಟ್ಟೋದು ಹೇಗೆ? ಎಲ್ಲ ಕ್ರಿಯಾಪದಕ್ಕೂ ಬಾಯಿಪಾಠ ಮಾಡಲೇಬೇಕಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಮುಗಿಸಿಬಿಡೋಣ. ಬೇಡ. ಬಾಯಿಪಾಠ ಬೇಡವೇ ಬೇಡ, ಕಂಡಾಗ ಗುರುತು ಸಿಕ್ಕರೆ ಸಾಕು. ಅಷ್ಟಕ್ಕೆ ಒಂದು ಸಂಜೆ ಕೂತರೆ ಆಗುತ್ತದೆ. ಆದರೆ ಆ ಸಂಜೆಗೆ ಮುಂಚೆ ಪಾಸೇ ಸ್ಯಾಂಪ್ಲ್ ಅನ್ನೋ ಇನ್ನೊಂದು ಕಾಲರೂಪದ ಪರಿಚಯ ಇರಬೇಕು. ಕಥೆ ಹೇಳುವಾಗ ಬರುವ ಭೂತಕಾಲ ಅದು. ನಾವು ಬರಹದಲ್ಲಿ 'ಬಂದನು, ಕುಳಿತನು, ನಕ್ಕನು' ಅಂತ ಬರೆದು, ಬಾಯಲ್ಲಿ 'ಬಂದ, ಕೂತ, ನಕ್ಕ' ಅನ್ನುತ್ತೇವಲ್ಲ, ಹಾಗೆ ಅದೂ ಹೆಚ್ಚಾಗಿ ಪುಸ್ತಕದ ಸೊತ್ತು. ಅದು ಗೊತ್ತಿಲ್ಲದೆ ಇದಕ್ಕೆ ಕೈ ಹಾಕಿದರೆ ಸುಮ್ನೆ ತಲೆನೋವು.

ಈಗ ಕಟ್ಟುವ ವಿಷಯ. ಪಾಸೇ ಸ್ಯಾಂಪ್ಲ್‌ನಲ್ಲಿ 'ನೀನು' ಅನ್ನೋದಕ್ಕೆ ಬರುವ ರೂಪ ತೆಗೆದುಕೊಳ್ಳಿ. 'ಮಾತಾಡು' ಅನ್ನೋದಕ್ಕೆ ಫ್ರೆಂಚಿನವರು ಪಾರ್ಲೇ ಅನ್ನುತ್ತಾರೆ (ಹೌದು, ಬಿಸ್ಕೆಟ್ ನೆನಪಾಗುತ್ತದೆ, ಏನೂ ಸಂಬಂಧ ಇಲ್ಲ). 'ನೀನು ಮಾತಾಡಿದೆ' ಅನ್ನೋದು ತ್ಯು ಪಾರ್ಲಾ. ಬರೆಯುವಾಗ ಕೊನೆಗೊಂದು ಎಸ್ ಇರುತ್ತದೆ, ಓದುವಾಗ ಅದು ಕೇಳಿಸುವುದಿಲ್ಲ. ಆ ಎಸ್ ಪಕ್ಕಕ್ಕೆ ಇನ್ನೊಂದು ಎಸ್, ಒಂದು ಇ ಸೇರಿಸಿ. ಮಲಗಿದ್ದ ಎಸ್ ಎದ್ದು ಕೂರುತ್ತದೆ: ಪಾರ್ಲಾಸ್. ನಾನು, ನೀನು, ಅವರು, ಈ ಮೂವರಿಗೂ ಕಿವಿಗೆ ಬೀಳೋದು ಇದೇ ಪಾರ್ಲಾಸ್. ಬರಹದಲ್ಲಿ ಮಾತ್ರ ಬಾಲ ಬೇರೆ ಬೇರೆ, ಒಂದಕ್ಕೆ ಇ, ಇನ್ನೊಂದಕ್ಕೆ ಇ-ಎಸ್, ಮತ್ತೊಂದಕ್ಕೆ ಇ-ಎನ್-ಟಿ. 'ನಾವು' ಆದರೆ ಪಾರ್ಲಾಸ್ಯೋಂ, 'ನೀವು' ಆದರೆ ಪಾರ್ಲಾಸ್ಯೇ. ಉಳಿದದ್ದು ಅವನು, ಅವಳು. ಅಲ್ಲಿ ಎರಡು ಎಸ್ಸೂ ಮಾಯ. ಎ ಮೇಲೆ ಟೋಪಿ, ಕೊನೆಗೆ ಬಾಯಿಬಿಡದ ಒಂದು ಟಿ. ಉಚ್ಚಾರ ಬರೀ ಪಾರ್ಲಾ.

ಇದಿಷ್ಟೇ ನಿಯಮ. ಸ್ವರ ಮಾತ್ರ ನಾಲ್ಕು ಥರ. ಪಾರ್ಲೇ ಥರದವಕ್ಕೆ ಆ. 'ಮುಗಿಸು' ಅನ್ನುವ ಫಿನೀರ್, 'ಮಾಡು' ಅನ್ನುವ ಫೇರ್ ಇವಕ್ಕೆ ಇ: ಫಿನಿಸ್, ಫಿಸ್. 'ಇರು' ಅನ್ನುವ ಎತ್ರ್, 'ಹೊಂದಿರು' ಅನ್ನುವ ಅವ್ವಾರ್ ಇವಕ್ಕೆ ಯು: ಫ್ಯುಸ್, ಯುಸ್. ಈ ಯು ನಮ್ಮ ಯು ಅಲ್ಲ, 'ಊ' ಅನ್ನೋ ಹಾಗೆ ತುಟಿ ಗುಂಡಗೆ ಮಾಡಿಕೊಂಡು ಒಳಗಿಂದ 'ಈ' ಅನ್ನಬೇಕು, ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ. ಇನ್ನು 'ಬಾ' ಅನ್ನುವ ವನೀರ್, 'ಹಿಡಿ' ಅನ್ನುವ ತನೀರ್ ಮತ್ತು ಅವುಗಳ ಮಕ್ಕಳು ಮರಿಗಳಿಗೆ ಮೂಗಿನ ಸ್ವರ: ವ್ಯಾಂಸ್, ತ್ಯಾಂಸ್. ಫ್ರೆಂಚಿನಲ್ಲಿ ವಿನಾಯಿತಿ ಇಲ್ಲದ ನಿಯಮ ಅಪರೂಪ ಅಲ್ವಾ, ಇಲ್ಲೂ ಒಂದಿದೆ, ಪುಟ್ಟದು. 'ದ್ವೇಷಿಸು' ಅನ್ನುವ ಕ್ರಿಯಾಪದಕ್ಕೆ ಐ ಮೇಲೆ ಮೊದಲೇ ಎರಡು ಚುಕ್ಕಿ ಇರುತ್ತದೆ. ಅಲ್ಲಿ ಟೋಪಿಗೆ ಜಾಗ ಇಲ್ಲ, ಚುಕ್ಕಿಗಳೇ ಉಳಿಯುತ್ತವೆ.

ಫಿನೀರ್ ಹತ್ತಿರ ಒಂದು ಕಡೆ ಎಡವುತ್ತೀರಿ, ಮೊದಲೇ ಹೇಳಿರುತ್ತೇನೆ. ಅದರ ವರ್ತಮಾನದ ಸಬ್ಜಂಕ್ಟಿವ್ ಕೂಡ ಫಿನಿಸ್ ಅಂತಲೇ. ಆರು ರೂಪಗಳಲ್ಲಿ ಐದು ಅಕ್ಷರಶಃ ಒಂದೇ. 'ಅವನು' ಬಂದಾಗ ಮಾತ್ರ ಬೇರೆ: ವರ್ತಮಾನಕ್ಕೆ ಫಿನಿಸ್, ಇದಕ್ಕೆ ಟೋಪಿ ಹಾಕಿದ ಫಿನಿ. ಹಾಗಾಗಿ 'ನಾನು ಮುಗಿಸಲಿ ಅಂತ' ಅನ್ನೋ ವಾಕ್ಯ ಕಂಡರೆ ಇದು ಯಾವುದು ಅಂತ ಒದ್ದಾಡಬೇಡಿ, ಮುಖ್ಯ ಕ್ರಿಯಾಪದದ ಕಾಲ ನೋಡಿ ಮುಂದೆ ಹೋಗಿ.

ಈಗ ನಿಮ್ಮ ಟೋಪಿ. ನನಗೆ ಇಡೀ ವಿಷಯದಲ್ಲಿ ಇಷ್ಟವಾದ ಭಾಗ ಇದೇ. ನಾವು ದಿನಾ ಹಾಸ್ಪಿಟಲ್ ಅನ್ನುತ್ತೇವೆ, ಫಾರೆಸ್ಟ್ ಡಿಪಾರ್ಟ್‌ಮೆಂಟ್ ಅನ್ನುತ್ತೇವೆ. ಫ್ರೆಂಚಿನವರು ಅದಕ್ಕೆ ಒಪಿತಾಲ್, ಫೊರೇ ಅನ್ನುತ್ತಾರೆ. ನಮಗೆ ಇಂಗ್ಲಿಷಿನಿಂದ ಬಂದ ಪದದಲ್ಲಿ ಎಸ್ ಉಳಿದಿದೆ, ಅವರ ಬಾಯಲ್ಲಿ ಬಿದ್ದು ಹೋಗಿದೆ. ಬಿದ್ದುಹೋದ ಎಸ್‌ನ ನೆನಪಿಗೆ ಸ್ವರದ ಮೇಲೆ ಒಂದು ಟೋಪಿ. ನೀವು ಕೇಳಿದ ಎಫ್-ಯು-ಟಿ ಕೂಡ ಹಳೇ ಫ್ರೆಂಚಿನಲ್ಲಿ ಎಫ್-ಯು-ಎಸ್-ಟಿ ಆಗಿತ್ತು. ಬಾಯಲ್ಲಿ ಎಸ್ ಸತ್ತು ಶತಮಾನಗಳಾದ ಮೇಲೂ ಬರಹದಲ್ಲಿ ಅದನ್ನು ಹೊತ್ತುಕೊಂಡೇ ಇದ್ದರು. 1740ರಲ್ಲಿ ಫ್ರೆಂಚ್ ಅಕಾಡೆಮಿಯ ನಿಘಂಟಿನ ಮೂರನೇ ಆವೃತ್ತಿ ಇಂಥ ಎಷ್ಟೋ ಎಸ್‌ಗಳನ್ನು ತೆಗೆದು ಟೋಪಿ ಹಾಕಿಸಿತು. 1990ರ ಕಾಗುಣಿತ ಸುಧಾರಣೆಯಲ್ಲಿ ಐ ಮತ್ತು ಯು ಮೇಲಿನ ಟೋಪಿಗಳನ್ನು ಎಷ್ಟೋ ಪದಗಳಿಂದ ಇಳಿಸಬಹುದು ಅಂದರು, ಆದರೆ ಇದರ ಟೋಪಿ ಮುಟ್ಟಲಿಲ್ಲ. ಮುಟ್ಟುವ ಹಾಗೂ ಇರಲಿಲ್ಲ. ಟೋಪಿ ಇಲ್ಲದ ಎಫ್-ಯು-ಟಿ ಅಂದರೆ 'ಇದ್ದನು', ಟೋಪಿ ಇದ್ದರೆ ಸಬ್ಜಂಕ್ಟಿವ್. ಕಿವಿಗೆ ಎರಡೂ ಫ್ಯು. ವ್ಯತ್ಯಾಸ ಪೂರ್ತಿ ಕಣ್ಣಿಗೆ ಬಿಟ್ಟದ್ದು. (ಟೋಪಿ ಹಾಕಿದ ಅದೇ ಪದಕ್ಕೆ ಪೀಪಾಯಿ ಅನ್ನೋ ಅರ್ಥವೂ ಇದೆ. ಬಿಯರ್ ವಿಷಯ ಬಂದರೆ ಗಾಬರಿ ಬೇಡ.)

ಪಾಸೇ ಸ್ಯಾಂಪ್ಲ್‌ಗೂ ಇದಕ್ಕೂ ಒಂದೇ ಬೇರು ಯಾಕೆ ಅಂದರೆ, ಎರಡೂ ಲ್ಯಾಟಿನ್‌ನ ಒಂದೇ ಧಾತುರೂಪದಿಂದ ಇಳಿದು ಬಂದವು. 'ಹಾಡು' ಅನ್ನೋದಕ್ಕೆ ಲ್ಯಾಟಿನ್‌ನಲ್ಲಿ ಕಾಂತಾವಿಸ್ಸೆಮ್ ಅಂತ ಇದ್ದದ್ದು ಸವೆದು ಕಾಂತಾಸ್ಸೆಮ್ ಆಗಿ, ಫ್ರೆಂಚಿನಲ್ಲಿ ಶಾಂತಾಸ್ ಆಯಿತು. ಇಟಾಲಿಯನ್ನಿನ ಕಾಂತಾಸ್ಸಿ ಇದರ ಖಾಸಾ ತಂಗಿ. ಆಕೆ ಇವತ್ತಿಗೂ ಅಲ್ಲಿನ ಮಾತಿನಲ್ಲಿ ಓಡಾಡಿಕೊಂಡಿದ್ದಾಳೆ. ಫ್ರೆಂಚಿನ ಅಕ್ಕ ಪುಸ್ತಕ ಬಿಟ್ಟು ಹೊರಗೆ ಬರುವುದಿಲ್ಲ.

ಬಳಕೆ ಎಲ್ಲಿ? ಮುಖ್ಯ ಕ್ರಿಯಾಪದ ಭೂತಕಾಲದಲ್ಲಿದ್ದು, ಅದರ ಕೈಕೆಳಗಿನ ವಾಕ್ಯ ಸಬ್ಜಂಕ್ಟಿವ್ ಕೇಳಿದರೆ, ಹಳೇ ನಿಯಮದ ಪ್ರಕಾರ ಇದು ಬರಬೇಕು. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. 'ಅವನು ಬರಲಿ ಅಂತ ಆಸೆ ಪಡುತ್ತೇನೆ', 'ಅವನು ಬರಲಿ ಅಂತ ಆಸೆ ಪಟ್ಟಿದ್ದೆ'. ಆಸೆಯ ಕಾಲ ಬದಲಾಯಿತು, 'ಬರಲಿ' ಅಲ್ಲಾಡಲಿಲ್ಲ. ಹಳೇ ಫ್ರೆಂಚ್ ವ್ಯಾಕರಣಕ್ಕೆ ಇದು ಸಾಲದು, ಎರಡನೇ ವಾಕ್ಯದಲ್ಲಿ 'ಬರಲಿ'ಯೂ ಭೂತಕಾಲದ ಅಂಗಿ ಹಾಕಿಕೊಳ್ಳಬೇಕು: ಜ ವುಲೇ ಕಿಲ್ ವ್ಯಾಂ. ಇವತ್ತಿನ ಫ್ರೆಂಚಿನಲ್ಲಿ? ಜ ವುಲೇ ಕಿಲ್ ವಿಯೆನ್. ವಿಯೆನ್ ಅನ್ನೋದು ಮಾಮೂಲಿ ವರ್ತಮಾನ ಸಬ್ಜಂಕ್ಟಿವ್, ನೀವು ಬಿ1ನಲ್ಲಿ ಕಲಿತದ್ದೇ. ಅಂದರೆ ಈಗಿನ ಫ್ರೆಂಚಿನವರು ಈ ವಿಷಯದಲ್ಲಿ ನಮ್ಮ ಹಾಗೆಯೇ ಮಾತಾಡುತ್ತಾರೆ. ಕನ್ನಡದ ಅಭ್ಯಾಸದಲ್ಲೇ ಹೇಳಿದರೆ ಸರಿಯಾಗುತ್ತದೆ!

ಸರ್ಕಾರವೂ ಒಪ್ಪಿಕೊಂಡಿದೆ. 1901ರಲ್ಲಿ ಶಿಕ್ಷಣ ಸಚಿವ ಜಾರ್ಜ್ ಲೇಗ್ ಹೊರಡಿಸಿದ ಆದೇಶ, ಮುಖ್ಯ ಕ್ರಿಯಾಪದ ಕಂಡೀಷನಲ್‌ನಲ್ಲಿ ('ಹೀಗಾದರೆ ಹಾಗಾಗುತ್ತಿತ್ತು' ಅನ್ನೋ ಧಾಟಿಯ ರೂಪದಲ್ಲಿ) ಇದ್ದರೆ ಇದರ ಬದಲು ವರ್ತಮಾನ ರೂಪ ಬರೆದವರಿಗೆ ಪರೀಕ್ಷೆಯಲ್ಲಿ ಅಂಕ ಕಳೆಯಬೇಡಿ ಅಂದಿತು. 1976ರಲ್ಲಿ ರೆನೆ ಆಬಿ ಸಚಿವರಾಗಿದ್ದಾಗ ಬಂದ ಆದೇಶ ಭೂತಕಾಲಕ್ಕೂ ಆ ಸಡಿಲಿಕೆ ಕೊಟ್ಟಿತು. ಮಾತಿನಲ್ಲಿ ಅಷ್ಟು ಹೊತ್ತಿಗೆ ಅದು ಯಾವಾಗಲೋ ಹೊರಟುಹೋಗಿತ್ತು.

ಹೊರಟುಹೋಗಿದ್ದಕ್ಕೆ ಸದ್ದೂ ಒಂದು ಕಾರಣ ಇರಬೇಕು ಅಂತ ನನಗನ್ನಿಸುತ್ತದೆ. 'ಕುಡಿ'ಗೆ ಈ ರೂಪ ಬ್ಯುಸ್, ಫ್ರೆಂಚಿನಲ್ಲಿ ನಾವು ಹತ್ತುವ ಬಸ್ಸಿಗೂ ಬ್ಯುಸ್. 'ನನ್ನಿಂದ ಆಗಲಿ' ಅನ್ನೋದಕ್ಕೆ ಪ್ಯುಸ್, ಚಿಗಟಕ್ಕೂ ಪ್ಯುಸ್. 'ನನಗೆ ತಿಳಿಯಲಿ' ಅನ್ನೋ ಸ್ಯುಸ್ ಕೇಳಿದರೆ 'ಚೀಪು' ಅಂದ ಹಾಗಿರುತ್ತದೆ. ಗಂಭೀರವಾಗಿ ಹೇಳೋದು ಹೇಗೆ ಹೇಳಿ. ನಾನೂ ಕಲಿಯುವ ಹುರುಪಿನಲ್ಲಿ ಒಮ್ಮೆ ಫ್ರಾನ್ಸಿನಿಂದ ಬಂದಿದ್ದ ಅತಿಥಿಯೊಬ್ಬರ ಮುಂದೆ 'ನಾವು ಮಾತಾಡಬೇಕಾಗಿತ್ತು' ಅನ್ನೋದನ್ನು ಇಲ್ ಫಾಲೇ ಕ ನು ಪಾರ್ಲಾಸ್ಯೋಂ ಅಂತ ಅಂದುಬಿಟ್ಟೆ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟು ಮನಸಾರೆ ನಕ್ಕರು. ನಮ್ಮ ದರ್ಶಿನಿಯಲ್ಲಿ ಯಾರಾದರೂ ಕೌಂಟರ್ ಮುಂದೆ ನಿಂತು 'ಎಲೈ ಸೇವಕನೇ, ಕಾಫಿಯನ್ನು ತರುವಂಥವನಾಗು' ಅಂದರೆ ಹೇಗಿರುತ್ತದೋ ಹಾಗಿತ್ತಂತೆ ಅವರಿಗೆ. ಆದ್ದರಿಂದ ಬಾಯಲ್ಲಿ ಬಳಸಬೇಡಿ.

ಓದುವಾಗ ನಿಮಗೆ ನೂರಕ್ಕೆ ನೂರು ಬೇಕಾಗುವ ರೂಪ 'ಅವನು/ಅವಳು/ಅದು' ಮಾತ್ರ ಅಂತಲೇ ಹೇಳಬಹುದು, ಉಳಿದವು ಬಹಳ ಕಡಿಮೆ. 'ಕ' ಅನ್ನೋ ಸಂಯೋಜಕ (ನಮ್ಮ 'ಅಂತ' ಇದ್ದ ಹಾಗೆ) ಬಂದ ಮೇಲೆ ಟೋಪಿ ಕಂಡರೆ ಮನಸ್ಸಿನಲ್ಲೇ ವರ್ತಮಾನ ಸಬ್ಜಂಕ್ಟಿವ್ ಹಾಕಿ ಓದಿ, ಅರ್ಥ ಕೆಡುವುದಿಲ್ಲ. ಹಾಗೇ ನೆಟ್ಟಗೆ ನಿಂತುಬಿಟ್ಟ ಕೆಲವು ನುಡಿಗಟ್ಟುಗಳಿವೆ. ನ ಫ್ಯುಸ್ ಕ ಅಂದರೆ 'ಕೊನೇಪಕ್ಷ ಇಷ್ಟಾದರೂ' ಅಂತ, ಈಗಿನ ಪತ್ರಿಕೆಗಳಲ್ಲೂ ಸಿಗುತ್ತದೆ.

ಇ-ಯು-ಟಿ ಮಾತ್ರ ಸ್ವಲ್ಪ ಬೇರೆ ಜಾತಿ. ಅದು ಬಹಳ ಸಲ ಒಂಟಿಯಾಗಿ ಬರುವುದಿಲ್ಲ, ಅದರ ನಂತರ ಇನ್ನೊಂದು ಕ್ರಿಯಾಪದದ ಭೂತಕೃದಂತ ಇರುತ್ತದೆ. 'ಕ' ಇಲ್ಲದೆಯೂ ಬರುತ್ತದೆ. ಇಲ್ ಯು ಫಾಲ್ಯು ಅಂದರೆ 'ಬೇಕಾಗುತ್ತಿತ್ತು, ಆದರೆ ಆಗಲಿಲ್ಲ' ಅನ್ನೋ ಧಾಟಿ. ನಾವು 'ಒಂದು ಮಾತು ಹೇಳಿದ್ದರೆ ಬರುತ್ತಿದ್ದ' ಅನ್ನುತ್ತೇವಲ್ಲ, ಆ 'ಬರುತ್ತಿದ್ದ'. ಮಾತಿನಲ್ಲಿ ಇದನ್ನೇ ಓರೇ (ಅವ್ವಾರ್‌ನ ಕಂಡೀಷನಲ್ ರೂಪ) ಹಾಕಿ, ಇಲ್ ಓರೇ ಫಾಲ್ಯು ಅನ್ನುತ್ತಾರೆ. ನಿಮ್ಮ ಕಾದಂಬರಿಯ ಒಂದು ಪುಟ ತೆಗೆದುಕೊಂಡು, ಟೋಪಿ ಹಾಕಿದ ಪ್ರತಿ ಇ-ಯು-ಟಿ ಮೇಲೆ ಪೆನ್ಸಿಲ್‌ನಲ್ಲಿ ಓರೇ ಅಂತ ಬರೆದು ಓದಿ ನೋಡಿ. ಅರ್ಥ ಕೂಡಿದರೆ ಇದೇ ಬಳಕೆ, ಕೂಡದಿದ್ದರೆ ಅದಕ್ಕೂ ಮುಂಚೆ 'ಕ' ಎಲ್ಲಿದೆ ಹುಡುಕಿ.