ತೆಂಗಿನಕಾಯಿ ತಟ್ಟಿದ ಹಾಗೆ: ಎಂಜಿಬಿ ಕಾರು, ಎಂಒಟಿ ಪರೀಕ್ಷೆ ಮತ್ತು ತುಕ್ಕು

ರ‍್ಯಾಂಪಿನ ಮೇಲೆ ಎತ್ತಿ ನಿಲ್ಲಿಸಿದ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು. ಪರೀಕ್ಷಕರು ಅದರ ಕೆಳಗೆ ನಿಂತು ಬಾಗಿಲಿನ ಅಡಿಯುದ್ದಕ್ಕೂ ಹೋಗುವ ಸಿಲ್ ಪೆಟ್ಟಿಗೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಅನುಮಾನ ಬಂದ ಕಡೆ ಪುಟ್ಟ ಸುತ್ತಿಗೆಯಂಥ ಸಾಧನದಿಂದ ಮೆಲ್ಲಗೆ ತಟ್ಟುತ್ತಾರೆ. ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ಕಿವಿಗೊಡುತ್ತೇವಲ್ಲ, ಹಾಗೆ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದ ತಗಡು ಮಂಕಾಗಿ ಡಬ್ ಎನ್ನುತ್ತದೆ. ಜೋರಾಗಿ ಬಡಿಯುವಂತಿಲ್ಲ, ಚೂಪಾದ ವಸ್ತುವಿನಿಂದ ಚುಚ್ಚುವಂತಿಲ್ಲ, ಯಾವುದನ್ನೂ ಬಿಚ್ಚಿ ನೋಡುವಂತಿಲ್ಲ. ಕಾರು ಪಾಸೋ ಫೇಲೋ ಎಂದು ಇಷ್ಟರಲ್ಲೇ ಹೇಳಬೇಕು.

ಬ್ರಿಟನ್ನಿನ ಎಂಒಟಿ ಎಂದರೆ ಹೆಚ್ಚುಕಡಿಮೆ ನಮ್ಮ ಎಫ್‌ಸಿ. ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷ ತುಂಬುವವರೆಗೆ ಆ ತಲೆನೋವಿಲ್ಲ, ಅಲ್ಲಿ ಮೂರು ವರ್ಷ ದಾಟಿದರೆ ವರ್ಷವರ್ಷವೂ ಇದೆ. ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್ ಎಂಬ ಇಲಾಖೆ ಹೆಸರು ಬದಲಿಸಿಕೊಂಡು ದಶಕಗಳೇ ಕಳೆದಿವೆ, ಅದರ ಮೂರಕ್ಷರ ಮಾತ್ರ ಪರೀಕ್ಷೆಗೆ ಅಂಟಿಕೊಂಡಿದೆ.

1956ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಇದಕ್ಕೆ ದಾರಿಯಾಯಿತು. ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಮಂತ್ರಿಯಾಗಿದ್ದ 1960ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಶುರುವಾಯಿತು. ಆಗ ನೋಡುತ್ತಿದ್ದದ್ದು ಹತ್ತು ವರ್ಷ ದಾಟಿದ ಕಾರುಗಳ ಬ್ರೇಕ್, ದೀಪ, ಸ್ಟೇರಿಂಗ್, ಅಷ್ಟೇ. ಯುದ್ಧಕ್ಕೂ ಮೊದಲಿನ ಎಷ್ಟೋ ಗಾಡಿಗಳು ಇನ್ನೂ ರಸ್ತೆಯಲ್ಲಿದ್ದ ಕಾಲ ಅದು. ಫೇಲಾದ ಗಾಡಿಗಳ ಸಂಖ್ಯೆ ನೋಡಿದ ಸರ್ಕಾರ 1961ರ ಡಿಸೆಂಬರ್‌ನಲ್ಲಿ ಹತ್ತು ವರ್ಷವನ್ನು ಏಳಕ್ಕೆ, 1967ರಲ್ಲಿ ಮೂರಕ್ಕೆ ಇಳಿಸಿತು.

ಎಂಜಿಬಿ ಬಂದದ್ದು 1962ರಲ್ಲಿ. ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಕಾರ್ಖಾನೆಯಲ್ಲಿ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು, ಬಹುಪಾಲು ಅಮೆರಿಕದ ಹಡಗು ಹತ್ತಿದವು. ಇದರ ಅಣ್ಣ ಎಂಜಿಎಗೆ ಪ್ರತ್ಯೇಕ ಚಾಸಿಸ್ ಇತ್ತು. ಮೇಲಿನ ಬಾಡಿ ಕೊಳೆತರೂ ಬೆನ್ನೆಲುಬು ಉಳಿಯುತ್ತಿತ್ತು. ಎಂಜಿಬಿಯಲ್ಲಿ ಚಾಸಿಸ್ಸೇ ಇಲ್ಲ, ಬಾಡಿಯೇ ಭಾರ ಹೊರಬೇಕು. ಅದರಲ್ಲೂ ರೋಡ್‌ಸ್ಟರ್ ಮಾದರಿಗೆ ತಲೆಯ ಮೇಲೆ ತಗಡಿನ ಚಾವಣಿಯೂ ಇಲ್ಲ. ಕಾರಿನ ಮುಂಭಾಗ, ಹಿಂಭಾಗ ಎರಡನ್ನೂ ಬಿಗಿಯಾಗಿ ಹಿಡಿದಿಡುವ ಹೊಣೆ ಬಹುಮಟ್ಟಿಗೆ ಸಿಲ್‌ಗಳದ್ದು.

ಆ ಸಿಲ್ ನೋಡಲು ಒಂದೇ ತಗಡಿನಂತೆ ಕಂಡರೂ ಹಾಗಿಲ್ಲ. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ನೆಟ್ಟಗೆ ನಿಂತ ಇನ್ನೊಂದು ತಗಡು. ಮುಂದಿನ ಚಕ್ರ ಎರಚಿದ ಕೆಸರು ರೆಕ್ಕೆಯ, ಅಂದರೆ ಚಕ್ರದ ಮೇಲಿನ ಮಡ್‌ಗಾರ್ಡ್ ತಗಡಿನ, ಹಿಂಭಾಗದ ಸಂದಿಯಲ್ಲಿ ಕೂರುತ್ತದೆ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಅದಕ್ಕೆ ಸೇರುತ್ತದೆ. ನೀರು ಹೋಗಬೇಕಾದ ತೂತು ಕಟ್ಟಿಕೊಂಡರೆ ಸಿಲ್ ಒಳಗಿನಿಂದಲೇ ಕೊಳೆಯತೊಡಗುತ್ತದೆ. ಹೊರಗೆ ಬಣ್ಣದ ಮೇಲೆ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಒಳಗಿನ ಕಥೆ ಬಹಳ ಮುಂದೆ ಹೋಗಿರುತ್ತದೆ.

ಸರಿಯಾದ ರಿಪೇರಿ ಎಂದರೆ ರೆಕ್ಕೆಗಳ ಕೆಳತುದಿ ಕತ್ತರಿಸಿ, ಮೂರೂ ಪದರ ತೆಗೆದು, ಹೊಸದನ್ನು ಕೂರಿಸಿ ವೆಲ್ಡ್ ಮಾಡುವುದು. ಅಗ್ಗದ ದಾರಿಯೂ ಒಂದಿತ್ತು: ಕವರ್ ಸಿಲ್. ಕೊಳೆತದ್ದನ್ನು ಹಾಗೇ ಬಿಟ್ಟು ಮೇಲೊಂದು ಹೊಸ ತಗಡು ಹೊದಿಸಿ, ಸುತ್ತ ವೆಲ್ಡ್ ಎಳೆದು, ಕಪ್ಪಗೆ ಅಂಡರ್‌ಸೀಲ್ ಎಂಬ ತುಕ್ಕು ತಡೆಯುವ ಲೇಪ ಬಳಿಯುವುದು. ಒತ್ತಿದರೆ ಗಟ್ಟಿ, ತಟ್ಟಿದರೆ ಟಣ್. ಹುಣಸೆಹಣ್ಣು ಹಾಕಿ ಉಜ್ಜಿದ ತೂತು ಪಾತ್ರೆಯ ಹೊಳಪಿದ್ದ ಹಾಗೆ.

ಪರೀಕ್ಷೆಯ ಕಣ್ಣು ತುಕ್ಕಿನ ಕಡೆ ಹೊರಳಿದ್ದೇ ತಡವಾಗಿ. ಟೈರಿನ ತಪಾಸಣೆ 1968ರಲ್ಲಿ ಬಂದರೆ, ಬಾಡಿ ಮತ್ತು ಚಾಸಿಸ್‌ನ ಸ್ಥಿತಿ ಪಟ್ಟಿಗೆ ಸೇರಿದ್ದು 1977ರಲ್ಲಿ. ಅಷ್ಟರಲ್ಲಿ ಮೊದಲ ಎಂಜಿಬಿಗಳಿಗೆ 15 ವರ್ಷ. ಈಗಿನ ನಿಯಮದಲ್ಲಿ ಸಸ್ಪೆನ್ಷನ್, ಸ್ಟೇರಿಂಗ್, ಸೀಟ್ ಬೆಲ್ಟ್ ಇವು ಬಾಡಿಗೆ ಜೋಡಣೆಯಾದ ಜಾಗದಿಂದ 30 ಸೆಂಟಿಮೀಟರ್ ಒಳಗೆ ಬಲ ಕುಂದಿಸುವಷ್ಟು ತುಕ್ಕಿದ್ದರೆ ಕಾರು ಫೇಲ್. ಅಲ್ಲಿಗೆ ಪುಟ್ಟಿ ಮೆತ್ತಿದರೆ ನಡೆಯದು, ವೆಲ್ಡಿಂಗೇ ಆಗಬೇಕು. ಇಂಥ ಕಾರುಗಳನ್ನು ಉಳಿಸಿಕೊಳ್ಳಲು ಎಷ್ಟು ಜನ ಒದ್ದಾಡಿದರೆಂದರೆ, 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನೇ ಹುಡುಕಿ ತಂದು ಎಂಜಿಬಿಯ ಹೊಸ ಬಾಡಿಶೆಲ್‌ಗಳನ್ನು, ಅಂದರೆ ಬರೀ ತಗಡಿನ ಬಾಡಿಗಳನ್ನು, ತಯಾರಿಸತೊಡಗಿತು.

1991ರಲ್ಲಿ ಹೊಗೆ ತಪಾಸಣೆ ಸೇರಿದಾಗ ಒಂದು ತಮಾಷೆಯಾಯಿತು. 1975ರ ಆಗಸ್ಟ್ 1ಕ್ಕೂ ಮೊದಲು ರಸ್ತೆಗಿಳಿದ ಕಾರಿನ ಹೊಗೆಯನ್ನು ಕಣ್ಣಿನಿಂದ ನೋಡಿದರೆ ಸಾಕು. ಅದರ ನಂತರದ್ದಕ್ಕೆ ಮೀಟರ್ ಹಚ್ಚಬೇಕು, ಈಗಿನ ನಿಯಮದಲ್ಲಿ ಕಾರ್ಬನ್ ಮಾನಾಕ್ಸೈಡ್ 4.5 ಶೇಕಡಾ ಮೀರಬಾರದು. ಆ ದಿನಕ್ಕೆ ಮೊದಲಿನ ಎಂಜಿಬಿ, ನಂತರದ ಎಂಜಿಬಿ ಎರಡರಲ್ಲೂ ಅದೇ 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಅದೇ ಜೋಡಿ ಎಸ್‌ಯು ಕಾರ್ಬೊರೇಟರ್. 1974ರ ಕಾರಿನ ಮಾಲೀಕ ನಿಶ್ಚಿಂತನಾಗಿದ್ದ. 1976ರ ಕಾರಿನವನು ಹಿಂದಿನ ದಿನ ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರ್ ತಿರುವುತ್ತಾ ಕೂರಬೇಕಿತ್ತು.

ಇನ್ನು ಪರೀಕ್ಷಕರ ಮಾತು. ಪರೀಕ್ಷೆ ನಡೆಯುವುದು ಹೆಚ್ಚಾಗಿ ಖಾಸಗಿ ಗ್ಯಾರೇಜುಗಳಲ್ಲಿ. ಮುಂದಿನ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ ಎಂಬ ಗೂಟಕ್ಕೆ ಗ್ರೀಸ್ ಹೊಡೆಯದಿದ್ದರೆ ಸವೆದು ಚಕ್ರ ಅಲ್ಲಾಡುತ್ತದೆ ಎಂದು ಹಳಬರಿಗೆ ಗೊತ್ತು; ಹೊಸ ಕಾರುಗಳನ್ನೇ ನೋಡಿ ಬೆಳೆದ ಹುಡುಗನಿಗೆ ಕಿಂಗ್‌ಪಿನ್ನೇ ಅಪರೂಪ. ಅದೇ ಸವೆತವನ್ನು ಒಬ್ಬರು ಫೇಲ್ ಎನ್ನಬಹುದು, ಇನ್ನೊಬ್ಬರು ಬರೀ ಎಚ್ಚರಿಕೆ ಬರೆದು ಬಿಡಬಹುದು. ಈ ಪರೀಕ್ಷೆಯ ಮೇಲ್ವಿಚಾರಣೆ ನೋಡುವ ಸರ್ಕಾರಿ ಸಂಸ್ಥೆಯಾದ ಡಿವಿಎಸ್‌ಎ ಕೂಡ ಆಗಲೇ ಪರೀಕ್ಷೆಯಾದ ಗಾಡಿಗಳಲ್ಲಿ ಕೆಲವನ್ನು ಆರಿಸಿ ಮತ್ತೆ ಪರೀಕ್ಷಿಸಿ, ಎರಡು ತೀರ್ಪುಗಳನ್ನೂ ತಾಳೆ ನೋಡುತ್ತದೆ. ಇಷ್ಟಾಗಿ ಎಂಜಿನ್ನಿನ ಒಳಗಾಗಲಿ, ಗೇರ್‌ಬಾಕ್ಸ್, ಕ್ಲಚ್‌ಗಳಾಗಲಿ ಈ ಪರೀಕ್ಷೆಯ ವ್ಯಾಪ್ತಿಗೇ ಬರುವುದಿಲ್ಲ. ಪಾಸಾದ ಕಾಗದ ಇಟ್ಟುಕೊಂಡು ಮರುದಿನವೇ ದಾರಿಯಲ್ಲಿ ನಿಂತವರನ್ನು ಕೇಳಿದರೆ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ, ಒಂದು ವರ್ಷದ ಸರ್ಟಿಫಿಕೇಟಿಗಿಂತ ಹತ್ತು ವರ್ಷದ ದಾಖಲೆಗೆ ಬೆಲೆ ಹೆಚ್ಚು. 2005ರ ಹೊತ್ತಿಗೆ ಎಂಒಟಿ ಕಂಪ್ಯೂಟರಿಗೆ ಹೋಯಿತು. ಈಗ ನಂಬರ್ ಪ್ಲೇಟ್ ಸಂಖ್ಯೆ ಕೊಟ್ಟರೆ ಕಾರಿನ ಹಳೆಯ ಫಲಿತಾಂಶ, ಓಡಿದ ಮೈಲಿ ಎಲ್ಲ ಪುಕ್ಕಟೆ ಸಿಗುತ್ತದೆ. ಮೂರು ವರ್ಷ ಸತತವಾಗಿ ಸಿಲ್ ತುಕ್ಕಿನ ಎಚ್ಚರಿಕೆ ಇದ್ದು, ನಾಲ್ಕನೇ ವರ್ಷ ಅದು ಮಾಯವಾಗಿ ಆ ಜಾಗದಲ್ಲಿ ‘ಅಡಿಭಾಗಕ್ಕೆ ದಪ್ಪನೆಯ ಅಂಡರ್‌ಸೀಲ್’ ಎಂದಿದ್ದರೆ ಓದಲು ಬಲ್ಲವರಿಗೆ ಅಷ್ಟು ಸಾಕು.

ಆದರೆ ಆ ದಾಖಲೆಯೂ ಈಗ ನಿಲ್ಲುತ್ತಿದೆ. 2012ರಲ್ಲಿ 1960ಕ್ಕಿಂತ ಹಳೆಯ ಗಾಡಿಗಳಿಗೆ ವಿನಾಯಿತಿ ಸಿಕ್ಕಿತು. 2018ರ ಮೇ 20ರಿಂದ, ದೊಡ್ಡ ಮಾರ್ಪಾಡು ಆಗದಿದ್ದರೆ, 40 ವರ್ಷ ದಾಟಿದ ಯಾವ ಕಾರಿಗೂ ಎಂಒಟಿ ಕಡ್ಡಾಯವಲ್ಲ. ಇಂಥ ಕಾರುಗಳನ್ನು ಮಾಲೀಕರು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಓಡಿಸುವುದೂ ಕಡಿಮೆ ಎಂಬುದು ಸರ್ಕಾರದ ವಾದ. ಅಭಿಪ್ರಾಯ ಕೇಳಿದಾಗ ಬೇಡ ಎಂದವರೇ ಹೆಚ್ಚಿದ್ದರು, ಆದರೂ ನಿಯಮ ಬಂತು. ಕೊನೆಯ ಎಂಜಿಬಿಗಳೂ ಈಗ 40 ದಾಟಿವೆ. ಗಾಡಿಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕರ ಮೇಲೆ ಇದ್ದೇ ಇದೆ. ಅಪಾಯಕಾರಿ ಸ್ಥಿತಿಯಲ್ಲಿ ಓಡಿಸಿದರೆ 2,500 ಪೌಂಡ್‌ವರೆಗೆ ದಂಡ. ಸ್ವಂತ ಇಚ್ಛೆಯಿಂದ ಪ್ರತಿ ವರ್ಷ ಪರೀಕ್ಷೆ ಮಾಡಿಸುವವರೂ ಇದ್ದಾರೆ.

ಉಳಿದವರ ಕಾರು ಮಾರಾಟಕ್ಕೆ ಬಂದಾಗ ಕೊಳ್ಳುವವರು ಜೇಬಿನಲ್ಲೊಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಸಿಲ್ ಉದ್ದಕ್ಕೂ ಆಡಿಸಿದರೆ ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಆಮೇಲೆ ಬಾಗಿಲ ಹಿಂಬದಿಯ ಸಂದಿಯಲ್ಲಿ ಬೆರಳಿಟ್ಟು, ಕಾರಿಗೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿಸುತ್ತಾರೆ. ಸಂದಿ ಕಿರಿದಾಗುತ್ತಾ ಬಂದು ಬಾಗಿಲು ಕಚ್ಚಿಕೊಂಡರೆ, ಕಾರನ್ನು ಇಳಿಸಿ, ಬೆಲೆಯ ಮಾತೆತ್ತದೆ ಬರುತ್ತಾರೆ.