ಶುಗರ್ ಇದ್ದವರ ಗಾಯ ಯಾಕೆ ಲಗೂ ಮಾಯುವುದಿಲ್ಲ?

ಗದಗ, ರೋಣ, ನರಗುಂದದ ಎರೆ ಹೊಲಗಳಲ್ಲಿ ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೆ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಪಿನ್ನಿನಿಂದ ಕಿತ್ತು ಎಸೆದು ಕೆಲಸಕ್ಕೆ ಹತ್ತುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಮನೆಯವರು ಬಿಡುವುದಿಲ್ಲ: "ಶುಗರ್ ಇದ್ದವರ ಗಾಯ ಲಗೂ ಮಾಯೂದಿಲ್ಲ, ದವಾಖಾನಿಗೆ ತೋರಿಸ್ರಿ." ಮಾತು ಖರೆ. ನರ ಸೋತ ಪಾದಕ್ಕೆ ನೋವು ತಿಳಿಯುವುದಿಲ್ಲ, ರಕ್ತದ ಓಡಾಟವೂ ಕಡಿಮೆ. ಈ ಎರಡು ಕಾರಣ ಬಹಳ ಜನಕ್ಕೆ ಗೊತ್ತು. ಮೂರನೆಯದು ಬಿಳಿ ರಕ್ತಕಣಗಳದ್ದು. ಅದರ ಬಗ್ಗೆ ಮಾತು ಕಡಿಮೆ.

ಆ ಕಣಗಳ ಕಥೆ ಶುರುವಾಗಿದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಲಾರ್ವಾಕ್ಕೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗುವ ಕಣಗಳು ದೇಹದಲ್ಲಿವೆ ಎಂಬ ಅವರ ವಾದಕ್ಕೆ 1908ರಲ್ಲಿ ನೊಬೆಲ್ ಸಿಕ್ಕಿತು.

ನುಂಗಿದ್ದನ್ನು ಕೊಲ್ಲುವುದು ಹೇಗೆ? ಅದಕ್ಕೆ ಉತ್ತರ ಸಿಗಲು ಇನ್ನೂ ಕಾಲ ಬೇಕಾಯಿತು. ನುಂಗುವ ಹೊತ್ತಿಗೆ ಈ ಕಣಗಳು ಒಮ್ಮೆಲೇ ಜಾಸ್ತಿ ಆಕ್ಸಿಜನ್ ಎಳೆದುಕೊಳ್ಳುವುದು 1933ರಲ್ಲೇ ಕಂಡಿತ್ತು. ದುಡಿಮೆಗೆ ಶಕ್ತಿ ಬೇಕಲ್ವಾ, ಅದಕ್ಕೇ ಇರಬೇಕು ಎಂದುಕೊಂಡರು. 1973ರಲ್ಲಿ ಬರ್ನಾರ್ಡ್ ಬಾಬಿಯರ್ ಮತ್ತು ಜೊತೆಗಾರರು ತೋರಿಸಿದ್ದೇ ಬೇರೆ. ಆ ಆಕ್ಸಿಜನ್‌ನಿಂದ ಕಣಗಳು ಸೂಪರಾಕ್ಸೈಡ್ ತಯಾರಿಸುತ್ತವೆ. ಇದು ಆಕ್ಸಿಜನ್‌ನದೇ ಒಂದು ಉಗ್ರ ರೂಪ, ಅತಿಯಾದರೆ ನಮ್ಮ ಕೋಶಗಳನ್ನೂ ಕೆಡಿಸುತ್ತದೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕಗಳ ಸರಣಿ ಅಲ್ಲಿಂದ ಶುರು. ಸೂಪರಾಕ್ಸೈಡ್ ಮಾಡುವ ಕಿಣ್ವದ ಹೆಸರು ಎನ್‌ಎಡಿಪಿಎಚ್ ಆಕ್ಸಿಡೇಸ್. ಎನ್‌ಎಡಿಪಿಎಚ್ ಎಂಬ ಅಣುವೇ ಅದರ ಇಂಧನ.

ಈಗ ಸಕ್ಕರೆಗೆ ಬರೋಣ. ಸ್ನಾಯುಗಳು ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳಲು ಹೆಚ್ಚಾಗಿ ಇನ್ಸುಲಿನ್ ಬೇಕು. ಬಿಳಿ ರಕ್ತಕಣಕ್ಕೆ ಅದರ ಹಂಗು ಅಷ್ಟಾಗಿ ಇಲ್ಲ. ಹಾಗಾಗಿ ರಕ್ತದಲ್ಲಿ ಸಕ್ಕರೆ ಏರಿದರೆ ಕಣದೊಳಗೂ ಏರುತ್ತದೆ. 1960 ಮತ್ತು 70ರ ದಶಕದ ಪ್ರಯೋಗಗಳಲ್ಲಿ, ಸಕ್ಕರೆ ಹತೋಟಿಯಲ್ಲಿಲ್ಲದವರ ಬಿಳಿ ರಕ್ತಕಣಗಳು ಸೂಕ್ಷ್ಮಜೀವಿಗಳನ್ನು ನುಂಗುವುದರಲ್ಲಿ ಹಿಂದೆ ಬಿದ್ದಿದ್ದವು. ಸರಿ, ಕಣ ಸೋತಿದೆ ಎಂದರು. ಆದರೆ ಮುಂದಿನ ಅಧ್ಯಯನಗಳಲ್ಲಿ ಉಲ್ಟಾ ಕಂಡಿತು. ಸೋಂಕೇ ಇಲ್ಲದಾಗಲೂ ಇಂಥವರ ಕಣಗಳು ಸೂಪರಾಕ್ಸೈಡ್ ಸೋರಿಸುತ್ತಿದ್ದವು.

ಎರಡೂ ನಿಜವೇ. ಕಳ್ಳನಿಲ್ಲದಾಗ ರಾತ್ರಿಯಿಡೀ ಬೊಗಳಿ, ಕಳ್ಳ ಬಂದಾಗ ಮಲಗಿಬಿಡುವ ನಾಯಿಯ ಹಾಗೆ. ಕೆಡುವುದು ಕಣದ ತಾಕತ್ತಿಗಿಂತ ಮೊದಲು ಅದರ ಸಂಕೇತಗಳು, ಅಂದರೆ ಯಾವಾಗ ಏಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳುವ ಸಂದೇಶಗಳು ಅನ್ನುವುದು ನನಗೆ ಇಲ್ಲಿಯ ಮುಖ್ಯ ವಿಷಯ. ಹೆಚ್ಚಾದ ಗ್ಲೂಕೋಸ್‌ನಿಂದ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬಿನ ಅಣು ಹುಟ್ಟುತ್ತದೆ. ಅದು ಪ್ರೋಟೀನ್ ಕೈನೇಸ್ ಸಿ ಎಂಬ ಸ್ವಿಚ್ ಒತ್ತುತ್ತದೆ. ಆ ಸ್ವಿಚ್ ಆಕ್ಸಿಡೇಸನ್ನು ಸುಮ್‌ಸುಮ್ನೆ ಚಾಲೂ ಮಾಡುತ್ತದೆ. ಇನ್ನೊಂದು ಕಡೆ, ಸಕ್ಕರೆ ಅಂಟಿ ಕೆಟ್ಟ ಪ್ರೋಟೀನ್‌ಗಳು ಕಣದ ಮೇಲಿನ ರೇಜ್ ಎಂಬ ಗ್ರಾಹಕಕ್ಕೆ (ಸಂದೇಶ ಹಿಡಿಯುವ ಪ್ರೋಟೀನ್‌ಗೆ) ಕಚ್ಚಿಕೊಂಡು ಉರಿಯೂತದ ಸಂದೇಶ ಕಳಿಸುತ್ತಲೇ ಇರುತ್ತವೆ. ಕಣಗಳು ರಕ್ತನಾಳದ ಗೋಡೆಗೆ ಅಂಟುತ್ತವೆ, ಗೋಡೆ ಹಾಳಾಗುತ್ತದೆ. ಇದೇ ಹೊತ್ತಿಗೆ, ಜಾಸ್ತಿಯಾದ ಸಕ್ಕರೆಯನ್ನು ಸಾರ್ಬಿಟಾಲ್ ಎಂಬ ಇನ್ನೊಂದು ವಸ್ತುವಾಗಿ ಮಾಡುವ ಕೆಲಸಕ್ಕೆ ಎನ್‌ಎಡಿಪಿಎಚ್ ಖರ್ಚಾಗುತ್ತದೆ. ಸೂಕ್ಷ್ಮಜೀವಿ ಕೊಲ್ಲಲು ಬೇಕಾದ್ದೂ ಅದೇ, ಕಣ ತನ್ನನ್ನು ತಾನು ಕಾಪಾಡಿಕೊಳ್ಳುವ ಗ್ಲುಟಾಥಯೋನ್‌ಗೆ ಬೇಕಾದ್ದೂ ಅದೇ.

ಈ ಬಿಡಿ ದಾರಿಗಳನ್ನು 2001ರಲ್ಲಿ ಮಧುಮೇಹ ಸಂಶೋಧಕ ಮೈಕೆಲ್ ಬ್ರೌನ್ಲೀ ಒಂದೇ ಬುಡಕ್ಕೆ ಕಟ್ಟಿದರು. ಅವರು ನೋಡಿದ್ದು ಮುಖ್ಯವಾಗಿ ರಕ್ತನಾಳದ ಒಳಪದರದ ಕೋಶಗಳನ್ನು. ಸಕ್ಕರೆ ಜಾಸ್ತಿಯಾದಾಗ ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಸೂಪರಾಕ್ಸೈಡ್ ಚೆಲ್ಲುತ್ತದೆ, ಉಳಿದ ಕೇಡು ಅಲ್ಲಿಂದ ಎಂಬುದು ಅವರ ವಾದ. 2015ರಲ್ಲಿ ಇನ್ನೊಂದು ತುಣುಕು ಸಿಕ್ಕಿತು. ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಎಸೆದು ಸೂಕ್ಷ್ಮಜೀವಿ ಹಿಡಿಯುವುದು 2004ರಿಂದ ಗೊತ್ತಿತ್ತು. ಮಧುಮೇಹದಲ್ಲಿ ಈ ಬಲೆ ಅತಿಯಾಗಿ, ಗಾಯ ಕೂಡಿಕೊಳ್ಳಲು ಅದೇ ಅಡ್ಡಿಯಾಗುತ್ತದಂತೆ. ಇಲಿಗಳಲ್ಲಿ ಬಲೆ ಕರಗಿಸಿದಾಗ ಗಾಯ ಬೇಗ ಮಾಯಿತು.

ಹುಬ್ಬಳ್ಳಿಯವರಿಗೆ ಇದು ಪುಸ್ತಕದ ವಿಷಯವಾಗಿ ಉಳಿದಿಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಅಲ್ಲಿಯ ಕಿಮ್ಸ್ ಆಸ್ಪತ್ರೆಗೆ ಸುತ್ತಲ ಜಿಲ್ಲೆಗಳಿಂದ ಕಪ್ಪು ಶಿಲೀಂಧ್ರದ ರೋಗಿಗಳು ಬಂದರು. ದೇಶದಲ್ಲೆಲ್ಲ ಇಂಥವರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ ಇತ್ತು. ಅದರ ಮೇಲೆ ಕೋವಿಡ್‌ಗೆ ಕೊಟ್ಟ ಸ್ಟೀರಾಯ್ಡ್. ಅದು ಸಕ್ಕರೆ ಏರಿಸುತ್ತದೆ, ಬಿಳಿ ರಕ್ತಕಣಗಳ ಕೈಯನ್ನೂ ಕಟ್ಟುತ್ತದೆ. ಎಲ್ಲರ ಉಸಿರಿಗೂ ಸೇರುವ ಶಿಲೀಂಧ್ರಕ್ಕೆ ಮೂಗಿನಿಂದ ಕಣ್ಣಿನವರೆಗೆ ದಾರಿ ಸಿಕ್ಕಿದ್ದು ಹೀಗೆ.

ಹಾಗಾದರೆ ಸೂಪರಾಕ್ಸೈಡ್‌ನಂಥವುಗಳ ಕೇಡನ್ನು ತಡೆಯುವ ಆಂಟಿಆಕ್ಸಿಡೆಂಟ್ ಗುಳಿಗೆ ನುಂಗಿದರೆ ಆಯಿತಲ್ಲ? ಮೆಡಿಕಲ್ ಶಾಪುಗಳಲ್ಲಿ ಭರ್ಜರಿ ಮಾರಾಟವೂ ಇದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. 2000ದಲ್ಲಿ ಹೊರಬಂದ ಹೋಪ್ ಅಧ್ಯಯನದಲ್ಲಿ 9,000ಕ್ಕೂ ಜಾಸ್ತಿ ಜನರಿದ್ದರು, ಮಧುಮೇಹಿಗಳೂ ಬಹಳ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದಿನಾ ವಿಟಮಿನ್ ಇ ಎಂಬ ಆಂಟಿಆಕ್ಸಿಡೆಂಟ್ ತಿಂದವರಿಗೂ ಖಾಲಿ ಗುಳಿಗೆ ತಿಂದವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ಫರಕು ಕಾಣಲಿಲ್ಲ. ಸೂಪರಾಕ್ಸೈಡ್ ಹುಟ್ಟಿದ ಮೇಲೆ ಒರೆಸುವುದು ಒಂದು, ಹುಟ್ಟಿಸುವ ಸ್ವಿಚ್ ಆರಿಸುವುದು ಇನ್ನೊಂದು. ಸ್ವಿಚ್ಚಿನ ಮೇಲೆ ಬೆರಳಿಟ್ಟಿರುವುದು ಗ್ಲೂಕೋಸ್. 1970ರ ದಶಕದಲ್ಲೇ, ರೋಗಿಗಳ ಸಕ್ಕರೆ ಹತೋಟಿಗೆ ತಂದು ಅವರದೇ ಬಿಳಿ ರಕ್ತಕಣಗಳನ್ನು ಮತ್ತೆ ಪರೀಕ್ಷಿಸಿದಾಗ ಕೆಲಸ ಸುಧಾರಿಸಿತ್ತು.