ಟ್ರಯಲ್‌ಗೆ ನಮ್ಮನ್ನು ಯಾಕೆ ಯಾರೂ ಕೇಳುವುದಿಲ್ಲ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅತ್ತಿಗೆಗೆ 46 ವರ್ಷ. ಸ್ತನ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಗೊತ್ತಾಗಿದೆ. ಮಂಗಳೂರಿನಲ್ಲಿ ತೋರಿಸುತ್ತಿದ್ದೇವೆ, ಮುಂದಿನ ವಾರ ಮೊದಲ ಕೀಮೋ. ಹೊಸ ಮದ್ದಿನ ಕ್ಲಿನಿಕಲ್ ಟ್ರಯಲ್‌ಗೆ ಸೇರಿದವರ ಸುದ್ದಿ ಆಗಾಗ ಓದುತ್ತೇವೆ. ಎಲ್ಲ ದೊಡ್ಡ ಊರಿನವರೇ. ನಮ್ಮ ಕಡೆಯವರನ್ನು ಯಾಕೆ ಯಾರೂ ಕೇಳುವುದಿಲ್ಲ? ಅದು ನಮ್ಮಂಥವರಿಗೆ ಇಲ್ವಾ?

ಉತ್ತರ: ನಿಮ್ಮಂಥವರಿಗೂ ಇದೆ. ಆದರೆ ‘ಯಾರೂ ಕೇಳುವುದಿಲ್ಲ’ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಹಳ್ಳಿಯ ಹೆಂಗಸರು ಹೆದರುತ್ತಾರೆ, ಕೇಳಿದರೂ ಒಪ್ಪುವುದಿಲ್ಲ ಎನ್ನುವ ಮಾತು ನೀವೂ ಕೇಳಿರಬಹುದು. ಅಮೆರಿಕದಲ್ಲಿ ಕಪ್ಪು ವರ್ಣದ ಮಹಿಳೆಯರ ಬಗ್ಗೆಯೂ ಇದೇ ಮಾತಿತ್ತು. ಅಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2021ರಲ್ಲಿ ಲೆಕ್ಕ ಹಿಡಿದರು. ಟ್ರಯಲ್‌ಗೆ ಬರುತ್ತೀರಾ ಎಂದು ನೇರವಾಗಿ ಕೇಳಿದಾಗ ಕ್ಯಾನ್ಸರ್ ರೋಗಿಗಳಲ್ಲಿ ಶೇ. 55ರಷ್ಟು ಮಂದಿ ಹೂಂ ಅಂದಿದ್ದರು. ಕಪ್ಪು ವರ್ಣದವರು ಬಿಳಿಯರಿಗಿಂತ ಕಡಿಮೆಯೇನೂ ಒಪ್ಪಿರಲಿಲ್ಲ. ಆದರೂ ಟ್ರಯಲ್‌ಗಳಲ್ಲಿ ಅವರ ಪಾಲು ತೀರಾ ಸಣ್ಣದು. ಸ್ತನ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಮಾತ್ರ ಅವರಲ್ಲಿ ಬಿಳಿಯ ಮಹಿಳೆಯರಿಗಿಂತ ಸುಮಾರು ಶೇ. 40 ಜಾಸ್ತಿ.

ಯಾರನ್ನು ಸೇರಿಸಬಹುದು ಎನ್ನುವ ನಿಯಮಗಳೂ ಒಂದು ಜರಡಿ. ವಯಸ್ಸು, ಹೃದಯ, ಕಿಡ್ನಿ, ಹಿಂದೆ ತೆಗೆದುಕೊಂಡ ಮದ್ದು ಎಲ್ಲ ನೋಡುತ್ತಾರೆ. ಕೆಲವು ನಿಯಮ ಬೇಕಾದದ್ದೇ. ಕೆಲವು ಮಾತ್ರ ಬೇರೆಯವರ ಅಳತೆಗೆ ಹೊಲಿದ ರವಿಕೆಯ ಹಾಗೆ. ಆಫ್ರಿಕಾ ಮೂಲದ ಅನೇಕರ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಹುಟ್ಟಿನಿಂದಲೇ ಸ್ವಲ್ಪ ಕಡಿಮೆ. ಅದರಿಂದ ಅವರಿಗೆ ತೊಂದರೆಯೇನೂ ಇಲ್ಲ. ಆದರೆ ಬಿಳಿಯರ ಲೆಕ್ಕ ನೋಡಿ ಬರೆದ ಸಂಖ್ಯೆ ಮುಟ್ಟದೆ ಟ್ರಯಲ್‌ನಿಂದ ಹೊರಗುಳಿದವರಿದ್ದಾರೆ.

ನಮ್ಮ ಜಿಲ್ಲೆಯ ಜರಡಿ ಬೇರೆ ತರಹದ್ದು. ಟ್ರಯಲ್‌ಗಳು ಜಾಸ್ತಿ ನಡೆಯುವುದು ಮುಂಬೈ, ಬೆಂಗಳೂರಿನಂಥ ಕಡೆಯ ದೊಡ್ಡ ಕೇಂದ್ರಗಳಲ್ಲಿ. ನಮ್ಮದೇ ರಾಜ್ಯ ಕೇರಳದ ರಾಜಧಾನಿ ತಿರುವನಂತಪುರಕ್ಕೆ ಹೋಗಬೇಕೆಂದರೂ ರಾತ್ರಿಯಿಡೀ ರೈಲು. ಟ್ರಯಲ್ ಅಂದಮೇಲೆ ಮಾಮೂಲಿ ಚಿಕಿತ್ಸೆಗಿಂತ ಓಡಾಟ ಜಾಸ್ತಿ, ರಕ್ತಪರೀಕ್ಷೆ ಜಾಸ್ತಿ, ಹೇಳಿದ ದಿನಕ್ಕೆ ಹಾಜರಾಗಲೇಬೇಕು. ಬೀಡಿ ಕಟ್ಟಿ ಸಂಸಾರ ತೂಗಿಸುವ ಹೆಂಗಸಿಗೆ ಅವಳ ಒಂದು ದಿನವಷ್ಟೇ ಹೋಗುವುದಿಲ್ಲ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಮಂಗಳೂರು ಹತ್ತಿರ, ನಿಜ. ಆದರೆ ನಡುವೆ ಗಡಿ ಇದೆ. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು, ತಲಪಾಡಿಯಿಂದ ರೋಗಿಗಳು ವಾಪಸ್ ಬಂದದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಆಮೇಲೆ ಭಾಷೆ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಎನ್ನುವುದು ಕಾನೂನು. ಕೇರಳದ ಆಸ್ಪತ್ರೆಯಲ್ಲಿ ಸಹಜವಾಗಿ ತಯಾರಿರುವುದು ಮಲಯಾಳದ್ದು. ಕನ್ನಡದಲ್ಲಿ ಬೇಕೆಂದರೆ ಅನುವಾದ ಮಾಡಿಸಬೇಕು, ಅದನ್ನು ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿಗೆ ತೋರಿಸಿ ಒಪ್ಪಿಸಬೇಕು. ಒಬ್ಬ ರೋಗಿಗೋಸ್ಕರ ಇಷ್ಟೆಲ್ಲ ಯಾರು ಮಾಡುತ್ತಾರೆ? ಕೇಳದೆ ಬಿಡುವುದೇ ಸುಲಭ. ಮನೆಯಲ್ಲಿ ತುಳು, ಓದಿದ್ದು ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಹೀಗಿರುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ.

ಸೇರಿದರೆ ಏನು ಸಿಗುತ್ತದೆ? ಹೊಸ ಮದ್ದು ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಕ್ಯಾನ್ಸರ್‌ನಲ್ಲಿ ಈಗಾಗಲೇ ಒಳ್ಳೆ ಚಿಕಿತ್ಸೆ ಇರುವಾಗ ಅದನ್ನು ತಪ್ಪಿಸಿ ಬರೀ ಸಕ್ಕರೆ ಗುಳಿಗೆ ಕೊಟ್ಟು ಕೂರಿಸುವುದಿಲ್ಲ. ಎಷ್ಟೋ ಟ್ರಯಲ್‌ಗಳಲ್ಲಿ ಹೊಸ ಮದ್ದೇ ಇರುವುದಿಲ್ಲ. ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ನಮ್ಮ ದೇಶದ್ದೇ. ಹಲ್ಲು ಕೀಳುವಾಗ ಮರಗಟ್ಟಿಸಲು ಚುಚ್ಚುವ ಲಿಡೋಕೇನ್ ಗೊತ್ತಲ್ಲ? ಸ್ತನದ ಗಡ್ಡೆ ತೆಗೆಯುವ ಕೆಲವೇ ನಿಮಿಷ ಮೊದಲು ಅದನ್ನು ಗಡ್ಡೆಯ ಸುತ್ತ ಚುಚ್ಚಿದರೆ ಹೇಗೆ ಎಂದು ಮುಂಬೈಯ ಟಾಟಾ ಮೆಮೋರಿಯಲ್‌ನವರು ಪರೀಕ್ಷೆ ಮಾಡಿದರು. 11 ಆಸ್ಪತ್ರೆ, 1,600 ಮಹಿಳೆಯರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ಲೆಕ್ಕದಲ್ಲಿ, ಚುಚ್ಚಿಸಿಕೊಂಡವರಲ್ಲಿ ಬದುಕಿದ್ದವರು ಶೇ. 90.1, ಉಳಿದವರಲ್ಲಿ ಶೇ. 86.4. ಕಂಪನಿಗಳಿಗೆ ಇದರಲ್ಲಿ ದುಡ್ಡಿಲ್ಲ. ಇಂಥ ಪ್ರಶ್ನೆ ನಾವೇ ಕೇಳಿಕೊಳ್ಳಬೇಕು, ಉತ್ತರಕ್ಕೆ ನಮ್ಮ ಹೆಂಗಸರೇ ಬೇಕು. ನಮ್ಮಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಹಾರ್ಮೋನ್ ಮದ್ದಿಗೆ ಬಗ್ಗದ ಟ್ರಿಪಲ್ ನೆಗೆಟಿವ್ ಬಗೆಯ ಪಾಲೂ ಇಲ್ಲಿ ಹೆಚ್ಚು. ಬೇರೆಯವರ ಮೇಲೆ ನೋಡಿದ ಮದ್ದು ನಮಗೂ ಅಷ್ಟೇ ಕೆಲಸ ಮಾಡುತ್ತದಾ ಎಂದು ಸುಮ್ನೆ ಊಹಿಸುವುದಕ್ಕಾಗುವುದಿಲ್ಲ.

ನಮ್ಮನ್ನು ಇಲಿ ಮಾಡುತ್ತಾರಾ ಎಂದು ನಿಮ್ಮ ಮನೆಯ ಹಿರಿಯರು ಕೇಳಿದರೆ ನಗಬೇಡಿ. 1999–2000ರಲ್ಲಿ ತಿರುವನಂತಪುರದಲ್ಲಿ ಬಾಯಿ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಸರಿಯಾಗಿ ಒಪ್ಪಿಗೆ ಪಡೆಯದೇ ಇದ್ದದ್ದು ದೊಡ್ಡ ವಿವಾದವಾಗಿತ್ತು. ಈಗ 2019ರ ನಿಯಮಗಳಿವೆ. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪೂರ್ತಿ ಕೂತು ಕೇಳಿ ಸಹಿ ಹಾಕಬೇಕು. ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದಕ್ಕೆ ಕಾರಣ ಹೇಳಬೇಕಿಲ್ಲ. ಬಿಟ್ಟರೆಂದು ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಇನ್ನು ಮಾಡುವ ಕೆಲಸ. ಕ್ಯಾನ್ಸರ್ ಯಾವ ಬಗೆಯದ್ದು ಎಂದು ತಿಳಿಸುವ, ಇಆರ್, ಪಿಆರ್, ಹರ್-2 ಎಂದು ಬರೆದ ರಿಪೋರ್ಟ್ ಫೈಲಿನಲ್ಲಿ ಇದೆಯಾ ನೋಡಿ. ಅದಿಲ್ಲದೆ ಯಾವ ಟ್ರಯಲ್‌ನವರೂ ಮಾತು ಮುಂದುವರಿಸುವುದಿಲ್ಲ. 2009ರ ಜೂನ್‌ನಿಂದ ದೇಶದ ಎಲ್ಲ ಟ್ರಯಲ್‌ಗಳೂ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಾಗಬೇಕು. ಅದರ ವೆಬ್‌ಸೈಟ್ ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಯಾವ ಆಸ್ಪತ್ರೆ, ಯಾವ ಡಾಕ್ಟರ್ ಎನ್ನುವುದೂ ಅಲ್ಲಿರುತ್ತದೆ. ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಕೂರಿಸಿ. ಡಾಕ್ಟರ ಹತ್ತಿರ ಕೇಳುವುದು ಇಷ್ಟು: ‘ಇವರಿಗೆ ಹೊಂದುವ ಟ್ರಯಲ್ ಇಲ್ಲಿ ಅಥವಾ ಹತ್ತಿರದಲ್ಲಿ ಇದೆಯಾ? ಓಡಾಟದ ಖರ್ಚು ಕೊಡುತ್ತಾರಾ? ಕಾಗದ ಕನ್ನಡದಲ್ಲಿ ಸಿಗುತ್ತದಾ?’ ಇಲ್ಲ ಎಂಬ ಉತ್ತರ ಬಂದರೆ ಬೇಜಾರು ಬೇಡ. ಮಾಮೂಲಿ ಚಿಕಿತ್ಸೆ ಕಡಿಮೆ ದರ್ಜೆಯದ್ದೇನೂ ಅಲ್ಲ, ಟ್ರಯಲ್‌ಗೋಸ್ಕರ ಅದನ್ನು ವಾರಗಟ್ಟಲೆ ಮುಂದೂಡಲೂ ಬಾರದು.

ಒಂದು ಮಾತ್ರ ನೆನಪಿರಲಿ. ಕೀಮೋ ಒಮ್ಮೆ ಶುರುವಾದ ಮೇಲೆ ಬಹಳಷ್ಟು ಟ್ರಯಲ್‌ಗಳಿಗೆ ಸೇರಿಸಿಕೊಳ್ಳುವುದಿಲ್ಲ. ಅತ್ತಿಗೆಗೆ ಮುಂದಿನ ವಾರ ಎಂದಿದ್ದೀರಿ. ಡಾಕ್ಟರಿಗೆ ಫೋನು ನಾಳೆ ಬೆಳಿಗ್ಗೆಯೇ ಮಾಡಿ.